ಹೈ-ಫೈ ಸೆಟ್ ಮನೆಗೆ ಬಂತು, ಮೃದಂಗ ಯಾಕೆ ಗುಂಯ್ ಅನ್ನುತ್ತಿದೆ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿರುವ ಬ್ಯಾಂಕ್ ನೌಕರ. ಬಹಳ ದಿನದ ಆಸೆಯಂತೆ ಒಂದು ಜೋಡಿ ಬುಕ್‌ಶೆಲ್ಫ್ ಸ್ಪೀಕರ್, ಚಾನೆಲ್ಲಿಗೆ 50 ವ್ಯಾಟ್ ಕೊಡುವ ಸ್ಟೀರಿಯೊ ಆಂಪ್ಲಿಫೈಯರ್ (ಆಂಪ್) ತಂದಿದ್ದೇನೆ. ಕೇಳುವುದು ಹಿಂದೂಸ್ತಾನಿ, ಕರ್ನಾಟಕ ಸಂಗೀತ, ಹಳೆಯ ಕನ್ನಡ ಚಿತ್ರಗೀತೆ. ಕೋಣೆ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ. ಆರ್‌ಸಿಸಿ ಚಾವಣಿ, ವಿಟ್ರಿಫೈಡ್ ಟೈಲ್ಸ್ ನೆಲ. ಸ್ಪೀಕರ್ ಎರಡೂ ಟಿವಿ ಶೋಕೇಸಿನ ಖಾನೆಗಳಲ್ಲಿವೆ. ಸೋಫಾ ಎದುರಿನ ಗೋಡೆಗೆ ತಾಗಿಕೊಂಡಿದೆ. ಅಂಗಡಿಯಲ್ಲಿ ಚೆನ್ನಾಗಿ ಕೇಳಿದ್ದು ಮನೆಯಲ್ಲಿ ಹಾಗಿಲ್ಲ. ಮೃದಂಗ, ಡಗ್ಗಾ ಬಂದಾಗ ಗುಂಯ್ ಅನ್ನುತ್ತದೆ. ಹಾಡುವಾಗ ಸ, ಶ ಅಕ್ಷರಗಳು ಕಿವಿಗೆ ಚುಚ್ಚುತ್ತವೆ. ಟಿವಿಯ ಆಡಿಯೊ ವೈರ್ ಜೋಡಿಸಿದರೆ ಸಣ್ಣಗೆ ಹಮ್ ಬರುತ್ತದೆ. ಆಂಪಿನಲ್ಲಿ ಆಪ್ಟಿಕಲ್ ಇನ್‌ಪುಟ್ ಕೂಡ ಇದೆ, ಅದನ್ನು ಬಳಸಿಲ್ಲ. ಆನ್‌ಲೈನಿನಲ್ಲಿ ಪರಿಚಯವಾದ ಹೈ-ಫೈ ಗೆಳೆಯರನ್ನು ಕೇಳಿದೆ. ಒಬ್ಬರು 18,000 ರೂಪಾಯಿಯ ಕೇಬಲ್ ಹಾಕಿ ಎಂದರು. ಒಬ್ಬರು ಹೊರಗಿನ ಡ್ಯಾಕ್ (ಡಿಜಿಟಲ್ ಧ್ವನಿಯನ್ನು ಆಂಪಿಗೆ ಬೇಕಾದ ಸಿಗ್ನಲ್ ಆಗಿಸುವ ಪೆಟ್ಟಿಗೆ) ಬೇಕು ಎಂದರು. ಇನ್ನೊಬ್ಬರು 200 ಗಂಟೆ ಬರ್ನ್-ಇನ್ ಆಗಲಿ, ಅಂದರೆ ಅಷ್ಟು ಹೊತ್ತು ಹಾಡಿ ಸ್ಪೀಕರ್ ಪಳಗಲಿ, ಸರಿಹೋಗುತ್ತದೆ ಎಂದರು. 50 ವ್ಯಾಟ್ ಸಾಲದು ಎಂದವರೂ ಇದ್ದಾರೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ, ಹಮ್ ಹೋಗಲು ಆಂಪಿನ ಪ್ಲಗ್ಗಿನ ಮೂರನೇ (ಅರ್ಥ್) ಪಿನ್ ತೆಗೆಯಿರಿ ಎಂಬ ಸಲಹೆಯೂ ಬಂತು. ನ್ಯೂಜೆರ್ಸಿಯಲ್ಲಿರುವ ತಮ್ಮ ಅಲ್ಲಿಂದ ಹಳೆಯ ಆಂಪ್, ಟರ್ನ್‌ಟೇಬಲ್ ತರುತ್ತೇನೆ ಅನ್ನುತ್ತಿದ್ದಾನೆ. ಕೈಯಲ್ಲಿ ಇನ್ನು 40,000 ಇದೆ. ಸ್ಪೀಕರ್ ವಾಪಸ್ ಕೊಡಲು ಅಂಗಡಿಯವರು ಕೊಟ್ಟ ಗಡುವಿನಲ್ಲಿ ನಾಲ್ಕು ದಿನ ಉಳಿದಿದೆ. ಮೊದಲು ಏನು ಮಾಡಲಿ?

ಉತ್ತರ: ಮೂರನೇ ಪಿನ್ ತೆಗೆಯಬೇಡಿ. ಈಗಾಗಲೇ ತೆಗೆದಿದ್ದರೆ ಈ ಉತ್ತರ ಓದುವುದನ್ನು ನಿಲ್ಲಿಸಿ ಮೊದಲು ಆ ಪ್ಲಗ್ ಬದಲಾಯಿಸಿ. ಯಾಕೆಂದು ಮುಂದೆ ಹೇಳುತ್ತೇನೆ.

ಎರಡನೆಯ ಮಾತು: ಆ 40,000ವನ್ನು ಸದ್ಯಕ್ಕೆ ಮುಟ್ಟಬೇಡಿ. ನಿಮ್ಮ ಪತ್ರದಲ್ಲಿ ಇರುವುದು ಮೂರು ಬೇರೆ ಬೇರೆ ತೊಂದರೆಗಳು. ಗುಂಯ್ ಅನ್ನುವುದು ಕೋಣೆಯ ಅಳತೆಯಿಂದ ಮತ್ತು ಸ್ಪೀಕರ್, ಸೋಫಾ ಇರುವ ಜಾಗದಿಂದ. ಸ, ಶ ಚುಚ್ಚುವುದು ಹೆಚ್ಚಾಗಿ ಬರಿಯ ಗೋಡೆ, ಬರಿಯ ನೆಲದಿಂದ. ಹಮ್ ಬರುವುದು ಕರೆಂಟಿನ ಅರ್ಥಿಂಗ್ ದಾರಿಯಿಂದ. ಕೇಬಲ್, ಡ್ಯಾಕ್, ಬರ್ನ್-ಇನ್ ಈ ಮೂರು ತೊಂದರೆಗಳಲ್ಲಿ ಒಂದನ್ನೂ ಸರಿಮಾಡುವುದಿಲ್ಲ.

ಹಾಗಂತ ನಿಮ್ಮ ಗೆಳೆಯರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಕೇಬಲ್ ಬದಲಾಯಿಸಿದಾಗ ಅವರಿಗೆ ನಿಜವಾಗಿಯೂ ವ್ಯತ್ಯಾಸ ಕೇಳಿಸಿರುತ್ತದೆ. ಆದರೆ ನಾವು ಕೇಳುವುದು ಬರೀ ಕಿವಿಯಿಂದ ಅಲ್ಲ. ಫ್ಲಾಯ್ಡ್ ಟೂಲ್, ಶಾನ್ ಆಲಿವ್ ಎಂಬ ಇಬ್ಬರು ಧ್ವನಿ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನಮ್ಮ ಕಸುಬಿನವರಿಗೆಲ್ಲ ಗೊತ್ತು. ಅದೇ ಸ್ಪೀಕರುಗಳನ್ನು ಒಮ್ಮೆ ಕಣ್ಣೆದುರಿಗೆ ಇಟ್ಟು, ಒಮ್ಮೆ ಪರದೆಯ ಹಿಂದೆ ಇಟ್ಟು ಕೇಳಿಸಿದರು. ಕಣ್ಣಿಗೆ ಕಂಡಾಗ ಗಾತ್ರ, ಬೆಲೆ, ಹೆಸರು ನೋಡಿ ಅಂಕ ಏರಿತು, ಇಳಿಯಿತು. ಪರದೆ ಬಿದ್ದಾಗ ಆ ಅಂತರ ಕರಗಿತು. ಅನುಭವ ಇದ್ದವರೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಇನ್ನೊಂದು ಕಾರಣವೂ ಇದೆ. ಎರಡು ಧ್ವನಿಗಳಲ್ಲಿ ಒಂದು ಅರ್ಧ ಡೆಸಿಬೆಲ್, ಒಂದು ಡೆಸಿಬೆಲ್ ಜೋರಾಗಿದ್ದರೂ ಅದು ‘ಜೋರು’ ಎಂದು ಅನ್ನಿಸುವುದಿಲ್ಲ, ‘ಸ್ಪಷ್ಟ’ ಎಂದು ಅನ್ನಿಸುತ್ತದೆ. ಹೊಸ ಪೆಟ್ಟಿಗೆ ಜೋಡಿಸಿದ ಮೇಲೆ ವಾಲ್ಯೂಮ್ ಅಳೆದು ಸಮ ಮಾಡುವವರು ತೀರಾ ಕಡಿಮೆ.

ಈಗ ಮೃದಂಗಕ್ಕೆ ಬರೋಣ. ನಿಮ್ಮ ತೊಂದರೆಯ ಮುಕ್ಕಾಲು ಪಾಲು ಇಲ್ಲೇ ಇದೆ.

ಎದುರುಬದುರು ಎರಡು ಗಟ್ಟಿ ಗೋಡೆಗಳ ನಡುವೆ ಒಂದು ನಿರ್ದಿಷ್ಟ ಕಂಪನದ ಶಬ್ದ ಹೋಗಿ ಬಂದು ತನ್ನ ಮೇಲೆ ತಾನೇ ಕೂಡಿಕೊಳ್ಳುತ್ತದೆ. ಅದು ಯಾವ ಕಂಪನ ಎಂದು ಗೋಡೆಗಳ ನಡುವಿನ ದೂರವೇ ತೀರ್ಮಾನಿಸುತ್ತದೆ. ಲೆಕ್ಕ ಸರಳ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಗೋಡೆಗಳ ನಡುವಿನ ದೂರದ ಎರಡು ಪಟ್ಟಿನಿಂದ ಭಾಗಿಸಿ. ನಿಮ್ಮ 12 ಅಡಿ ಉದ್ದಕ್ಕೆ ಸುಮಾರು 47 ಹರ್ಟ್ಸ್ ಬರುತ್ತದೆ. 10 ಅಡಿ ಅಗಲಕ್ಕೆ ಸುಮಾರು 56. ಎತ್ತರವೂ 10 ಅಡಿ, ಅಂದರೆ ಮತ್ತೆ 56. ಇದೇ ನಿಮ್ಮ ಕೋಣೆಯ ಮುಖ್ಯ ದೋಷ. ಅಗಲ ಮತ್ತು ಎತ್ತರ ಎರಡೂ ಒಂದೇ ಕಂಪನವನ್ನು ಎತ್ತಿ ಹಿಡಿಯುತ್ತಿವೆ. ಅದರ ದುಪ್ಪಟ್ಟು, 112 ಹರ್ಟ್ಸ್ ಆಸುಪಾಸಿನಲ್ಲೂ ಇದೇ ಕಥೆ. ಮೃದಂಗದ ಎಡಭಾಗ, ತಬಲಾ ಜೋಡಿಯ ಡಗ್ಗಾ, ಗಂಡು ದನಿಯ ಕೆಳಗಿನ ಸ್ವರಗಳು ಓಡಾಡುವುದು ಈ ಸುತ್ತಮುತ್ತಲೇ. ಆರ್‌ಸಿಸಿ ಚಾವಣಿ, ಸಿಮೆಂಟ್ ಗಾರೆಯ ಗೋಡೆ, ಟೈಲ್ಸ್ ನೆಲ ಯಾವುದೂ ಬೇಸನ್ನು ಹೀರುವುದಿಲ್ಲ. ಮರದ ಅಟ್ಟ, ಹೆಂಚಿನ ಮಾಡು ಇರುವ ಹಳೆಯ ಮನೆಗಳಲ್ಲಿ ಬೇಸ್ ಸ್ವಲ್ಪ ಹೊರಗೆ ಸೋರಿಹೋಗುತ್ತದೆ. ನಿಮ್ಮಲ್ಲಿ ಅದಕ್ಕೆ ದಾರಿಯಿಲ್ಲ.

ಇದರ ಮೇಲೆ ಸ್ಪೀಕರನ್ನು ಶೋಕೇಸಿನ ಖಾನೆಯಲ್ಲಿ ಕೂರಿಸಿದ್ದೀರಿ. ಹಿಂದೆ ಗೋಡೆ, ಪಕ್ಕದಲ್ಲಿ ಪ್ಲೈವುಡ್, ಮೇಲೆ ಹಲಗೆ. ಕೆಳಗಿನ ಕಂಪನದ ಶಬ್ದ ಸುತ್ತಲೂ ಹರಡುತ್ತದೆ. ಅದಕ್ಕೆ ಒಂದು ಗೋಡೆ ಅಡ್ಡ ಬಂದರೆ ಬೇಸ್ 6 ಡೆಸಿಬೆಲ್‌ವರೆಗೂ ಏರಬಹುದು. ಮೂಲೆಯಲ್ಲಾದರೆ ಇನ್ನೂ ಜಾಸ್ತಿ. ಶೋಕೇಸಿನ ಹಲಗೆಯೂ ಅದುರಿ ತನ್ನ ದನಿ ಸೇರಿಸುತ್ತದೆ. ಇನ್ನು ಸೋಫಾ. ಬೇಸಿನ ಒತ್ತಡ ಅತಿ ಹೆಚ್ಚಿರುವ ಜಾಗ ಎಂದರೆ ಗೋಡೆಯ ಪಕ್ಕ. ನಿಮ್ಮ ತಲೆ ಇರುವುದು ಸರಿಯಾಗಿ ಅಲ್ಲೇ. ಅಂಗಡಿಯಲ್ಲಿ ಸ್ಪೀಕರ್ ಸ್ಟ್ಯಾಂಡಿನ ಮೇಲೆ, ಗೋಡೆಯಿಂದ ದೂರ, ಕಾರ್ಪೆಟ್ ಹಾಸಿದ ದೊಡ್ಡ ಕೋಣೆಯಲ್ಲಿ ಇದ್ದಿರಬೇಕು, ಅಲ್ವಾ? ಅಲ್ಲಿ ಚೆನ್ನಾಗಿ ಕೇಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಮೃದಂಗಕ್ಕೇ ಇದು ಯಾಕೆ ಎದ್ದು ಕಾಣುತ್ತದೆ ಎಂಬುದಕ್ಕೆ ಒಂದು ಸೊಗಸಾದ ಕಾರಣವಿದೆ. ಸಾಮಾನ್ಯ ಡೋಲಿನ ಚರ್ಮದಿಂದ ಬರುವ ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ, ಹಾಗಾಗಿ ಅದಕ್ಕೆ ಖಚಿತ ಶ್ರುತಿ ಇಲ್ಲ. ಮೃದಂಗ, ತಬಲಾದ ಚರ್ಮದ ಮೇಲಿನ ಕಪ್ಪು ಲೇಪ, ಅಂದರೆ ಕರಣೆ, ಆ ಕಂಪನಗಳನ್ನು ಪೂರ್ಣ ಪಟ್ಟುಗಳ ಲೆಕ್ಕಕ್ಕೆ ತರುತ್ತದೆ. ಸಿ.ವಿ. ರಾಮನ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನೇ ತೋರಿಸಿದರು. ಶ್ರುತಿಗೆ ನಿಲ್ಲುವ ಚರ್ಮವಾದ್ಯ ನಮ್ಮದು. ಕೋಣೆ ಯಾವುದೋ ಒಂದೇ ಕಂಪನವನ್ನು ಎತ್ತಿ ಕೂಗಿದರೆ ಆ ಶ್ರುತಿ ಮಾಯವಾಗಿ ಬರೀ ಗುಂಯ್ ಉಳಿಯುತ್ತದೆ. ಗುಮ್ಕಿಯ (ಎಡಭಾಗವನ್ನು ಕೈಯಿಂದ ಒತ್ತಿ ಜಾರಿಸಿ ತೆಗೆಯುವ ನಾದದ) ಏರಿಳಿತ ತಿಳಿಯುವುದೇ ಇಲ್ಲ. ಅದಕ್ಕೇ ನಾನು ಯಾರ ಮನೆಯ ಸೆಟ್ ಪರೀಕ್ಷಿಸಲು ಹೋದರೂ ಮೊದಲು ಹಾಕುವುದು ಮೃದಂಗದ ತನಿ ಆವರ್ತನ. ಗುಮ್ಕಿ ಬಿಡಿಬಿಡಿಯಾಗಿ ಕೇಳಿದರೆ ಆ ಕೋಣೆಯ ಬೇಸ್ ಸರಿಯಿದೆ.

ಪರಿಹಾರಕ್ಕೆ ಬೇಕಾದ್ದು ಇಬ್ಬರು ಜನ, ಒಂದು ಸಂಜೆ. ಸ್ಪೀಕರುಗಳನ್ನು ಶೋಕೇಸಿನಿಂದ ಹೊರಗೆ ತೆಗೆಯಿರಿ. ಸ್ಟ್ಯಾಂಡ್ ಕೊಳ್ಳುವ ಮುಂಚೆ ಸಿಮೆಂಟಿನ ಹಾಲೋ ಬ್ಲಾಕ್ ಮೂರು ಪೇರಿಸಿದರೆ ಎರಡಡಿ ಎತ್ತರ ಬರುತ್ತದೆ. ಮೇಲೆ ಒಂದು ತುಂಡು ಕಡಪ ಕಲ್ಲು, ಅದರ ಮೇಲೆ ತೆಳು ರಬ್ಬರ್, ಆಮೇಲೆ ಸ್ಪೀಕರ್. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಪರೀಕ್ಷೆಗೆ ಮಾತ್ರ ಮಾಡಿ, ಆಮೇಲೆ ಗಟ್ಟಿ ಸ್ಟ್ಯಾಂಡ್ ತನ್ನಿ. ಮೇಲಿನ ಪುಟ್ಟ ಟ್ವೀಟರ್ ನೀವು ಕೂತಾಗ ನಿಮ್ಮ ಕಿವಿಯ ಮಟ್ಟಕ್ಕೆ ಬರಬೇಕು. ಚಾಪೆಯ ಮೇಲೆ, ದಿವಾನದ ಮೇಲೆ ಕೂತು ಕೇಳುವವರಿಗೆ ಈ ಎತ್ತರ ಜಾಸ್ತಿಯಾಗುತ್ತದೆ. ಆಗ ಒಂದು ಬ್ಲಾಕ್ ತೆಗೆಯಿರಿ.

ಸ್ಪೀಕರುಗಳು 10 ಅಡಿಯ ಗೋಡೆಯ ಕಡೆ ಇದ್ದು 12 ಅಡಿಯ ಉದ್ದಕ್ಕೆ ಮುಖ ಮಾಡಲಿ. ಎರಡರ ನಡುವೆ ಐದೂವರೆಯಿಂದ ಆರಡಿ. ಹಿಂದಿನ ಗೋಡೆಯಿಂದ ಒಂದೂವರೆ ಅಡಿಯಿಂದ ಶುರುಮಾಡಿ ನಿಧಾನವಾಗಿ ಮುಂದೆ ತನ್ನಿ. ಹಿಂದಿನ ಗೋಡೆಗೂ ಪಕ್ಕದ ಗೋಡೆಗೂ ಒಂದೇ ದೂರ ಮಾತ್ರ ಬೇಡ. ಸೋಫಾವನ್ನು ಗೋಡೆಯಿಂದ ಎರಡೂವರೆ, ಮೂರಡಿ ಮುಂದಕ್ಕೆ ಎಳೆಯಿರಿ. ಓಡಾಡಲು ಅಡ್ಡ ಆಗುತ್ತದೆ, ಗೊತ್ತು. ಸೋಫಾ ಅಲ್ಲೇ ಇರಲಿ ಎಂದು ಮನೆಯವರು ಹೇಳಿದರೆ, ಸಂಗೀತ ಕೇಳುವ ಹೊತ್ತಿಗೆ ಮಾತ್ರ ಒಂದು ಕುರ್ಚಿ ಮುಂದೆ ಹಾಕಿಕೊಂಡು ನೋಡಿ. ಕೋಣೆಯ ನಟ್ಟನಡುವೆ ಕೂರಬೇಡಿ. ಅಲ್ಲಿ ಮೊದಲ ಕಂಪನ ಪೂರ್ತಿ ಸತ್ತುಹೋಗಿ ಬೇಸೇ ಇಲ್ಲದಂತೆ ಕೇಳುತ್ತದೆ.

ಇದನ್ನು ಮಾಡುವಾಗಲೇ ಸ್ಪೀಕರ್ ವೈರಿನ ಕೆಂಪು, ಕಪ್ಪು ಎರಡೂ ಕಡೆ ಸರಿಯಾಗಿವೆಯೇ ನೋಡಿ. ಒಂದು ಸ್ಪೀಕರಿನಲ್ಲಿ ತಿರುವುಮುರುವಾದರೆ ಹಾಡುಗಾರ ನಡುವೆ ನಿಲ್ಲುವುದಿಲ್ಲ, ದನಿ ಎಲ್ಲೆಲ್ಲಿಂದಲೋ ಬರುತ್ತದೆ. ಮನೆಗಳಲ್ಲಿ ನಾನು ಪದೇಪದೇ ಕಾಣುವ ತಪ್ಪು ಇದು.

ಸ, ಶ ಚುಚ್ಚುವ ವಿಚಾರ. ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಟರ್ರ್ ಎಂದು ಸಣ್ಣ ಅನುರಣನ ಬಂದರೆ ಮೇಲಿನ ಕಂಪನಗಳು ಗೋಡೆಯಿಂದ ಗೋಡೆಗೆ ಚಿಮ್ಮುತ್ತಿವೆ ಎಂದರ್ಥ. ಸ್ಪೀಕರಿನಿಂದ ನೇರ ಬಂದ ದನಿಯ ಹಿಂದೆಯೇ ಟೈಲ್ಸಿನಿಂದ, ಪಕ್ಕದ ಗೋಡೆಯಿಂದ ಅದೇ ದನಿ ಮತ್ತೆ ಬಂದು ಬೀಳುತ್ತದೆ. ಎಲ್ಲಿಂದ ಎಂದು ಹುಡುಕುವುದು ಸುಲಭ. ನೀವು ಕುರ್ಚಿಯಲ್ಲಿ ಕೂತಿರಿ. ಇನ್ನೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಹಿಡಿದು ಸಾಗಲಿ. ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲಿ ಏನಾದರೂ ದಪ್ಪನೆಯದು ಬೇಕು.

ನಿಮ್ಮ ಕಡೆ ಇದಕ್ಕೆ ಒಳ್ಳೆಯ ಸಾಮಾನು ಮನೆಯಲ್ಲೇ ಇರುತ್ತದೆ. ದಪ್ಪ ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ಗೋಡೆಯಿಂದ ಮೂರ್ನಾಲ್ಕು ಇಂಚು ಬಿಟ್ಟು ತೂಗುಹಾಕಿ. ಆ ಖಾಲಿ ಜಾಗ ಮುಖ್ಯ. ಅದು ಇದ್ದರೆ ಅದೇ ಬಟ್ಟೆ ಇನ್ನೂ ಕೆಳಗಿನ ಕಂಪನಗಳವರೆಗೆ ಹೀರುತ್ತದೆ. ನೆಲಕ್ಕೆ ನವಲಗುಂದದ ಜಮಖಾನ ಹಾಸಿದರೆ ನೋಡಲು ಚೆಂದ, ಆದರೆ ಅದು ತೆಳು. ಕೆಳಗೆ ಹತ್ತಿಯ ತೆಳ್ಳನೆ ಗಾದಿ ಹಾಕಿ ಮೇಲೆ ಜಮಖಾನ ಹಾಸಿ. ಎರಡರ ಕೆಲಸವೂ ಆಗುತ್ತದೆ. ಇದು ಹಿಡಿಸಿದರೆ ಮುಂದೆ 50 ಮಿಲಿಮೀಟರ್ ದಪ್ಪದ, ಕಲ್ಲಿನ ನಾರಿನ ರಾಕ್‌ವುಲ್ ಹಲಗೆಗೆ ಮರದ ಚೌಕಟ್ಟು ಕಟ್ಟಿಸಿ, ಬಟ್ಟೆ ಸುತ್ತಿಸಿ ಕಾಯಂ ಮಾಡಬಹುದು. ಅದರ ನಾರು ಚರ್ಮಕ್ಕೆ, ಮೂಗಿಗೆ ಒಳ್ಳೆಯದಲ್ಲ. ಬಟ್ಟೆ ಒತ್ತಾಗಿರಲಿ, ಕೆಲಸ ಮಾಡುವವರು ಮಾಸ್ಕ್, ಕೈಗವಸು ಹಾಕಿಕೊಳ್ಳಲಿ.

ಮೊಟ್ಟೆ ಟ್ರೇಯಿಂದ ಏನೂ ಉಪಯೋಗವಿಲ್ಲ. ತೆಳು ರಟ್ಟು ಅದು. ಮೇಲಿನ ಕಂಪನಗಳನ್ನು ಚೂರುಪಾರು ಚದುರಿಸಬಹುದು ಅಷ್ಟೇ. ಬೇಸಿಗೆ ಅದು ಗೋಡೆಯ ಮೇಲೆ ಇದ್ದದ್ದೇ ತಿಳಿಯುವುದಿಲ್ಲ. 100 ಹರ್ಟ್ಸ್ ಶಬ್ದದ ಒಂದು ಅಲೆಯ ಉದ್ದ ಸುಮಾರು ಮೂರೂವರೆ ಮೀಟರ್. ಅದನ್ನು ಒಂದಿಂಚಿನ ರಟ್ಟು, ಒಂದಿಂಚಿನ ಫೋಮ್ ತಡೆಯಲಾರದು. ಜೊತೆಗೆ ಬೆಂಕಿ ತಗುಲಿದರೆ ಗೋಡೆ ತುಂಬಾ ಹರಡುವ ವಸ್ತು, ಜಿರಲೆಗೂ ಒಳ್ಳೆಯ ಮನೆ.

ಇನ್ನು ಗೆಳೆಯರ ಉಳಿದ ಸಲಹೆಗಳು. ಕೇಬಲ್ ಬಗ್ಗೆ ಅಂಕಿಯಲ್ಲೇ ಹೇಳುತ್ತೇನೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 2.5 ಚದರ ಮಿಲಿಮೀಟರಿನ ತಾಮ್ರದ ವೈರನ್ನು ನಾಲ್ಕು ಮೀಟರ್ ಎಳೆದರೆ, ಹೋಗಿ ಬರುವ ದಾರಿ ಎಂಟು ಮೀಟರ್. ಅದರ ಒಟ್ಟು ತಡೆ ಸುಮಾರು 0.055 ಓಮ್. ನಿಮ್ಮ ಸ್ಪೀಕರ್ 8 ಓಮ್ ಆದರೆ, ವೈರಿನಲ್ಲಿ ಕಳೆದುಹೋಗುವುದು ಒಂದು ಡೆಸಿಬೆಲ್‌ನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಆ ಕಳೆತವನ್ನು 18,000 ಕೊಟ್ಟು ಉಳಿಸಿದರೂ ಕಿವಿಗೆ ತಿಳಿಯುವುದಿಲ್ಲ. ಎರಡು ಸ್ಪೀಕರಿಗೂ ಸೇರಿ ಸಾವಿರದ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಒಂದೇ ಎಚ್ಚರಿಕೆ: ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ವೈರ್ ಬೇಡ, ಪೂರ್ತಿ ತಾಮ್ರದ್ದೇ ಕೇಳಿ.

ವ್ಯಾಟ್ ವಿಚಾರದಲ್ಲೂ ಹೀಗೆಯೇ. 50 ವ್ಯಾಟಿನಿಂದ 100ಕ್ಕೆ ಹೋದರೆ ಸಿಗುವುದು 3 ಡೆಸಿಬೆಲ್, ವಾಲ್ಯೂಮ್ ಗುಂಡಿಯ ಚಿಕ್ಕ ತಿರುವು. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಬುಕ್‌ಶೆಲ್ಫ್ ಸ್ಪೀಕರುಗಳಲ್ಲಿ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಆಸುಪಾಸು ಕೊಡುವವು ಸಾಮಾನ್ಯ. ನಿಮ್ಮ ಚಿಕ್ಕ ಕೋಣೆಯಲ್ಲಿ ಏಳಡಿ ದೂರದಿಂದ ಕೇಳುವಾಗ ಹೆಚ್ಚಿನ ಹೊತ್ತು ಖರ್ಚಾಗುವುದು ಒಂದು ವ್ಯಾಟಿಗಿಂತ ಕಡಿಮೆ. ಮೃದಂಗದ ಘಾತಕ್ಕೆ, ಜೋರು ತಾನಕ್ಕೆ ಉಳಿದ ವ್ಯಾಟುಗಳು ಧಾರಾಳ ಸಾಕು.

ಡ್ಯಾಕ್ ಉಪಯೋಗಕ್ಕೆ ಬರುವ ಸಂದರ್ಭ ಇದೆ. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ವೈರ್ ಎಳೆದಾಗ ಚಿರ್ ಚಿರ್ ಸದ್ದು ಬಂದರೆ ಹೊರಗಿನ ಸಾಧಾರಣ ಡ್ಯಾಕ್ ಅದನ್ನು ತಪ್ಪಿಸುತ್ತದೆ. ಅದು ಬಿಟ್ಟರೆ, 100 ಡೆಸಿಬೆಲ್ ಸೈನಾಡ್ (ಗದ್ದಲ, ವಿಕಾರಕ್ಕಿಂತ ಸಂಗೀತ ಎಷ್ಟು ಮೇಲಿದೆ ಎಂಬ ಅಳತೆ) ಇರುವುದಕ್ಕೂ 120 ಇರುವುದಕ್ಕೂ ಇರುವ ಅಂತರ ಸೀಲಿಂಗ್ ಫ್ಯಾನ್ ತಿರುಗುವ ಕೋಣೆಯಲ್ಲಿ ಕೇಳಿಸುವುದಿಲ್ಲ. ಸಿಡಿಗಿಂತ ಹೆಚ್ಚಿನ ಗುಣಮಟ್ಟದವು ಎನ್ನುವ ಹೈ-ರೆಸ್ ಫೈಲುಗಳ ಕಥೆಯೂ ಹೆಚ್ಚುಕಡಿಮೆ ಇದೇ. ಸಿಡಿಯ 16 ಬಿಟ್, 44.1 ಕಿಲೋಹರ್ಟ್ಸ್ ಅಳತೆ ಮನುಷ್ಯರ ಕಿವಿಯ 20 ಕಿಲೋಹರ್ಟ್ಸ್ ಮಿತಿಯನ್ನು ದಾಟಿಯೇ ಇದೆ. ಅಮೆರಿಕದಲ್ಲಿ ಮೆಯರ್, ಮೊರನ್ ಎಂಬಿಬ್ಬರು ಹೈ-ರೆಸ್ ಧ್ವನಿಯನ್ನೂ, ಅದನ್ನೇ ಸಿಡಿ ಗುಣಮಟ್ಟಕ್ಕೆ ಇಳಿಸಿದ್ದನ್ನೂ ಕೇಳಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. 554 ಸಲ ಕೇಳಿಸಿದ್ದರಲ್ಲಿ ಸರಿ ಉತ್ತರ 276. ಕಣ್ಣುಮುಚ್ಚಿ ಊಹಿಸಿದರೂ ಅಷ್ಟೇ ಬರುತ್ತಿತ್ತು.

ನಿಮಗೆ ಅತಿ ಹೆಚ್ಚು ನಷ್ಟ ಮಾಡಬಲ್ಲ ಸಲಹೆ 200 ಗಂಟೆಯ ಬರ್ನ್-ಇನ್. ಹೊಸ ಸ್ಪೀಕರಿನ ಕೋನ್ ಅಂಚು ಮೊದಮೊದಲು ಚೂರು ಬಿಗಿ ಇರುತ್ತದೆ ನಿಜ. ಅದು ಬೇಗ ಸಡಿಲವಾಗುತ್ತದೆ, ಅದರಿಂದ ಆಗುವ ಬದಲಾವಣೆಯೂ ಸಣ್ಣದು. ಆಮೇಲೆ ಬದಲಾಗುವುದು ನಿಮ್ಮ ಕಿವಿಯ ಅಭ್ಯಾಸ. ದಿನಕ್ಕೆ ಮೂರು ಗಂಟೆ ಕೇಳಿದರೂ 200 ಗಂಟೆಗೆ ಎರಡು ತಿಂಗಳ ಮೇಲಾಗುತ್ತದೆ. ನಿಮ್ಮ ವಾಪಸಾತಿ ಗಡುವು ನಾಲ್ಕು ದಿನ. ಈ ಸಲಹೆ ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಅದನ್ನು ಪಾಲಿಸಿದರೆ ಸಿಕ್ಕಿಕೊಳ್ಳುವವರು ನೀವು.

ಹಳೆಯ ಧ್ವನಿಮುದ್ರಣಗಳ ಬಗ್ಗೆ ಒಂದು ಮಾತು ಸೇರಿಸಬೇಕು. 78 ಆರ್‌ಪಿಎಂ ಕಾಲದ ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಅವರ ಮುದ್ರಣಗಳಲ್ಲಿ ಮೇಲಿನ, ಕೆಳಗಿನ ಕಂಪನಗಳು ಹಿಡಿದೇ ಇಲ್ಲ. 1960ರ ದಶಕದ ಚಿತ್ರಗೀತೆಗಳು ಬಹುಪಾಲು ಮೋನೊ. ಅವು ತೆಳ್ಳಗೆ ಕೇಳಿದರೆ, ನಡುವಿನಿಂದಲೇ ಬಂದರೆ ಸೆಟ್ಟಿನ ತಪ್ಪಲ್ಲ. ಅವನ್ನಿಟ್ಟುಕೊಂಡು ಸ್ಪೀಕರನ್ನು ಅಳೆಯಬೇಡಿ. ಪರೀಕ್ಷೆಗೆ ಈಚಿನ ದಶಕಗಳ ಒಂದು ಒಳ್ಳೆಯ ಕಛೇರಿ ಮುದ್ರಣ ಇಟ್ಟುಕೊಳ್ಳಿ.

ಹಮ್‌ಗೆ ಬರೋಣ. ಟಿವಿ ಜೋಡಿಸಿದಾಗ ಮಾತ್ರ ಬರುತ್ತದೆ ಎಂದಿದ್ದೀರಿ, ಇದು ದೊಡ್ಡ ಸುಳಿವು. ಸೆಟ್‌ಟಾಪ್ ಬಾಕ್ಸಿನ ಹಿಂದೆ ತಿರುಗಿಸಿ ಹಾಕಿರುವ ಕೇಬಲ್ ಅಥವಾ ಡಿಶ್ ವೈರನ್ನು ಕಳಚಿ ನೋಡಿ. ಹಮ್ ನಿಂತರೆ ಕಾರಣ ಸಿಕ್ಕಿತು. ಆ ವೈರಿನ ಹೊರಕವಚ ಹೊರಗೆಲ್ಲೋ ಭೂಮಿಗೆ ಮುಟ್ಟಿರುತ್ತದೆ, ನಿಮ್ಮ ಆಂಪ್ ಮನೆಯ ಅರ್ಥಿಂಗಿಗೆ ಮುಟ್ಟಿರುತ್ತದೆ. ಎರಡು ಕಡೆಯ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ. ಅದು ನಿಮ್ಮ ಆಡಿಯೊ ವೈರಿನ ಕವಚದ ಮೂಲಕ ಹರಿಯುತ್ತದೆ. 50 ಹರ್ಟ್ಸ್ ಕರೆಂಟಿನ ಹಮ್ ಕೇಳುವುದು ಹೀಗೆ. ನಿಮ್ಮ ಆಂಪಿನಲ್ಲಿ ಆಪ್ಟಿಕಲ್ ಇನ್‌ಪುಟ್ ಇದೆಯಲ್ಲ, ಟಿವಿಯಿಂದ ಆಪ್ಟಿಕಲ್ ಕೇಬಲ್ ಹಾಕಿ. ಅದರಲ್ಲಿ ಹೋಗುವುದು ಬೆಳಕು, ಕರೆಂಟ್ ಹರಿಯಲು ದಾರಿಯೇ ಇಲ್ಲ. ಟಿವಿ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಎಂದಿರಲಿ, ಇಲ್ಲದಿದ್ದರೆ ಆಂಪಿನಿಂದ ಸದ್ದೇ ಬರದೇ ಇರಬಹುದು.

ಮೂರನೇ ಪಿನ್ ತೆಗೆದರೂ ಹಮ್ ನಿಲ್ಲುತ್ತದೆ, ಅದಕ್ಕೇ ಈ ಸಲಹೆ ಇಷ್ಟು ಓಡಾಡುತ್ತಿದೆ. ಆದರೆ ಆ ಪಿನ್ ಇರುವುದು, ಆಂಪಿನ ಒಳಗೆ ಲೈವ್ ವೈರ್ ಲೋಹದ ಮೈಗೆ ತಾಗಿದ ದಿನ ಕರೆಂಟ್ ನಿಮ್ಮ ಮೈಯಲ್ಲಿ ಹರಿಯದೆ ಭೂಮಿಗೆ ಹೋಗಲಿ ಎಂದು. 230 ವೋಲ್ಟಿನ ಜೊತೆ ಈ ಪಂದ್ಯ ಬೇಡ. ಎಲೆಕ್ಟ್ರೀಷಿಯನ್ ಬಂದಾಗ ಸಾಕೆಟ್ಟಿನ ಅರ್ಥ್ ನಿಜವಾಗಿ ಜೋಡಿಸಿದೆಯೇ, ಮನೆಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್) ಇದೆಯೇ ನೋಡಿಸಿ. ಅರ್ಥ್ ಪಿನ್ನಿಗೆ ವೈರೇ ಇಲ್ಲದ ಸಾಕೆಟ್‌ಗಳನ್ನು ನಾನು ಹಳೆಯ ಮನೆಗಳಲ್ಲಿ ಬಹಳ ನೋಡಿದ್ದೇನೆ. ಕರೆಂಟ್ ಹೋದಾಗ ಮಾತ್ರ ಬರ್ರ್ ಎಂದು ಕೇಳಿದರೆ ಅದು ಬೇರೆ ಕಾಯಿಲೆ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆಂಪ್ ಓಡಿಸಬೇಡಿ, ಸೈನ್ ವೇವ್ ಇದ್ದರೆ ಪರವಾಗಿಲ್ಲ. ಗುಡುಗು ಮಿಂಚಿದ್ದಾಗ ಕರೆಂಟಿನ ಪ್ಲಗ್, ಡಿಶ್ ವೈರ್ ಎರಡನ್ನೂ ಕಿತ್ತಿಡಿ.

ತಮ್ಮ ತರುವ ಆಂಪ್ ಬಗ್ಗೆ: ಹಿಂಭಾಗದ ಬರಹ ಫೋಟೊ ತೆಗೆದು ಕಳಿಸಲು ಹೇಳಿ. ‘120 ವೋಲ್ಟ್, 60 ಹರ್ಟ್ಸ್’ ಎಂದಷ್ಟೇ ಇದ್ದರೆ ನಮ್ಮ ಸಾಕೆಟ್ಟಿಗೆ ಹಾಕಿದ ಕೂಡಲೇ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಸಾಮರ್ಥ್ಯ ಆಂಪ್ ಎಳೆಯುವುದರ ಎರಡು ಪಟ್ಟಾದರೂ ಇರಲಿ. ವೋಲ್ಟೇಜ್ ಇಳಿಯುತ್ತದೆ, ಆದರೆ ಹರ್ಟ್ಸ್ ಬದಲಾಗುವುದಿಲ್ಲ. 60 ಹರ್ಟ್ಸ್‌ಗೆಂದೇ ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 50ರಲ್ಲಿ ಜಾಸ್ತಿ ಬಿಸಿಯಾಗುತ್ತದೆ. ಟರ್ನ್‌ಟೇಬಲ್ ವಿಚಾರದಲ್ಲಿ ಇನ್ನೂ ಹುಷಾರು. ಕರೆಂಟಿನ ಹರ್ಟ್ಸಿಗೆ ತಕ್ಕಂತೆ ತಿರುಗುವ ಹಳೆಯ ಎಸಿ ಸಿಂಕ್ರೊನಸ್ ಮೋಟಾರಿನದಾದರೆ ನಿಮಿಷಕ್ಕೆ 33⅓ ಸುತ್ತಬೇಕಾದ್ದು ಇಲ್ಲಿ 28ರ ಹತ್ತಿರ ಸುತ್ತುತ್ತದೆ. ಶ್ರುತಿ ಮೂರು ಸ್ವರಸ್ಥಾನ ಕೆಳಗಿಳಿದು, ಕಾಲವೂ ವಿಳಂಬವಾಗಿ, ಗಾಯಕರ ಗುರುತೇ ಸಿಗುವುದಿಲ್ಲ. ಡಿಸಿ ಮೋಟಾರಿನದಾದರೆ ಈ ತೊಂದರೆ ಇಲ್ಲ. ಹಳೆಯ ಆಂಪ್ ಬಂದ ಮೇಲೆ ಸ್ಪೀಕರ್ ಜೋಡಿಸುವ ಮುಂಚೆ ಔಟ್‌ಪುಟ್ಟಿನಲ್ಲಿ ಮಲ್ಟಿಮೀಟರ್ ಇಟ್ಟು ಡಿಸಿ ವೋಲ್ಟೇಜ್ ನೋಡಿಸಿ. 50 ಮಿಲಿವೋಲ್ಟ್ ಮೀರಿದ್ದರೆ ರಿಪೇರಿಯಾಗುವವರೆಗೆ ಸ್ಪೀಕರ್ ಹಾಕಬೇಡಿ. ನನ್ನನ್ನು ಕೇಳಿದರೆ, ನಿಮ್ಮ ಈಗಿನ ಆಂಪಿನಲ್ಲಿ ಏನೂ ಕೊರತೆಯಿಲ್ಲ. ತಮ್ಮನಿಂದ ತರಿಸುವುದಾದರೆ ರೆಕಾರ್ಡುಗಳನ್ನು ತರಿಸಿ.

ಹಾಗಾದರೆ ಆನ್‌ಲೈನ್ ಗೆಳೆಯರಿಂದ ಏನು ಕಲಿಯಬಹುದು? ಬಹಳ ಇದೆ. ಯಾವ ಕಂಪನಿ ಐದು ವರ್ಷದ ಮೇಲೂ ಬಿಡಿಭಾಗ ಕೊಡುತ್ತದೆ, ಹುಬ್ಬಳ್ಳಿ ಸುತ್ತ ಆಂಪ್ ರಿಪೇರಿ ಯಾರು ಸಲೀಸಾಗಿ ಮಾಡುತ್ತಾರೆ, ಮಂಗಳೂರಿನ ಸೆಕೆಯಲ್ಲಿ ಯಾವ ಸ್ಪೀಕರಿನ ಫೋಮ್ ಅಂಚು ಪುಡಿಯಾಯಿತು, ಇಂಥ ವಿಷಯ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ‘ಇದು ಅದಕ್ಕಿಂತ ಚೆನ್ನಾಗಿ ಕೇಳುತ್ತದೆ’ ಎಂದಾಗ ಮಾತ್ರ ಮರುಪ್ರಶ್ನೆ ಹಾಕಿ. ಕೋಣೆ ಎಷ್ಟು ದೊಡ್ಡದು? ಎಷ್ಟು ದೂರ ಕೂತಿದ್ದಿರಿ? ಎರಡನ್ನೂ ಅಕ್ಕಪಕ್ಕ ಇಟ್ಟು ವಾಲ್ಯೂಮ್ ಸಮ ಮಾಡಿ ಕೇಳಿದ್ದೋ, ಹೋದ ವಾರದ ನೆನಪಿನಿಂದ ಹೇಳುತ್ತಿದ್ದೀರೋ? ಶಬ್ದದ ಸೂಕ್ಷ್ಮ ನೆನಪು ಕೆಲವು ಸೆಕೆಂಡಿಗಿಂತ ಜಾಸ್ತಿ ಉಳಿಯುವುದಿಲ್ಲ. ಇದಕ್ಕೆ ತಾಳ್ಮೆಯಿಂದ ಉತ್ತರ ಕೊಡುವವರ ಮಾತನ್ನು ಹೆಚ್ಚು ನಂಬಿ.

ಅವರಲ್ಲಿ ಯಾರ ಹತ್ತಿರವಾದರೂ ಯುಮಿಕ್-1 ತರಹದ ಅಳತೆಯ ಮೈಕ್ ಇದೆಯೇ ವಿಚಾರಿಸಿ. ಇದ್ದರೆ ಒಂದು ಭಾನುವಾರ ಊಟಕ್ಕೆ ಕರೆಯಿರಿ. ಆರ್‌ಇಡಬ್ಲ್ಯೂ ಎಂಬ ಉಚಿತ ಸಾಫ್ಟ್‌ವೇರ್ ಲ್ಯಾಪ್‌ಟಾಪಿಗೆ ಹಾಕಿ ಅಳೆದರೆ 56, 112ರ ಗುಡ್ಡಗಳು ಪರದೆಯ ಮೇಲೆ ಕಾಣುತ್ತವೆ. ಜಾಗ ಬದಲಿಸಿದ ಮೇಲೂ ಉಳಿದ ಗುಡ್ಡವನ್ನು ಈಕ್ವಲೈಜರಿನಲ್ಲಿ ಇಳಿಸಬಹುದು. ಲ್ಯಾಪ್‌ಟಾಪಿನಿಂದ ಕೇಳುವುದಾದರೆ ಅದಕ್ಕೂ ಉಚಿತ ಸಾಫ್ಟ್‌ವೇರ್ ಇದೆ. ಗುಂಡಿ ಬಿದ್ದ ಕಡೆ ಮಾತ್ರ ಏರಿಸಲು ಹೋಗಬೇಡಿ. 10 ಡೆಸಿಬೆಲ್ ಏರಿಸಿದರೆ ಆಂಪ್ ಹತ್ತು ಪಟ್ಟು ದುಡಿಯಬೇಕು, ಆದರೂ ಆ ಗುಂಡಿ ತುಂಬುವುದಿಲ್ಲ, ಸ್ಪೀಕರ್ ಹಾಳಾಗುವ ಅಪಾಯ ಬೇರೆ.

ಇನ್ನು ನಾಲ್ಕು ದಿನದ ಲೆಕ್ಕ. ಇವತ್ತೇ ಸ್ಪೀಕರನ್ನು ಶೋಕೇಸಿನಿಂದ ಹೊರಗಿಡಿ, ಕುರ್ಚಿ ಮುಂದೆ ಎಳೆಯಿರಿ. ನಾಳೆ ಕೌದಿ, ಗಾದಿ. ಮೃದಂಗದ ಗುಂಯ್ ಇದರಲ್ಲೇ ಬಹಳಷ್ಟು ಇಳಿಯುತ್ತದೆ. ಉಳಿದದ್ದಕ್ಕೆ ಸ್ಪೀಕರ್ ಹೊಣೆಯಲ್ಲ, ಬೇರೆ ಯಾವ ಜೋಡಿ ತಂದರೂ ಈ ಕೋಣೆ ಹಾಗೇ ಕೂಗುತ್ತದೆ. ಸ, ಶ ವಿಚಾರ ಹಾಗಲ್ಲ. ಕೆಲವು ಸ್ಪೀಕರುಗಳು ಅಂಗಡಿಯಲ್ಲಿ ಚುರುಕಾಗಿ ಕೇಳಲಿ ಎಂದೇ ಮೇಲಿನ ಕಂಪನ ಎತ್ತಿ ಮಾಡಿದವು. ಸ್ಪೀಕರಿನ ಮುಖವನ್ನು ನಿಮ್ಮ ಕಡೆಗೆ ನೇರ ಇಡದೆ ಚೂರು ಹೊರಕ್ಕೆ ತಿರುಗಿಸಿ ನೋಡಿ. ಮೂರನೇ ದಿನದ ಸಂಜೆ, ನಿಮಗೆ ಚೆನ್ನಾಗಿ ಗೊತ್ತಿರುವ ಹೆಂಗಸರ ದನಿಯ ಒಂದು ಹಾಡನ್ನು ನೀವು ದಿನಾ ಕೇಳುವಷ್ಟೇ ವಾಲ್ಯೂಮಿನಲ್ಲಿ ಕೇಳಿ. ಆಗಲೂ ಚುಚ್ಚಿದರೆ ಯೋಚಿಸಬೇಡಿ, ನಾಲ್ಕನೇ ದಿನ ಸ್ಪೀಕರ್ ವಾಪಸ್ ಕೊಡಿ. ಮುಂದಿನ ಜೋಡಿ ಆರಿಸುವಾಗ ಒಂದೆರಡು ದಿನ ನಿಮ್ಮ ಮನೆಯಲ್ಲೇ ಇಟ್ಟು ಕೇಳಲು ಬಿಡುವ ಅಂಗಡಿಯಿಂದ ತನ್ನಿ.